ಬೆಲ್ ಇಲ್ಲದ ಶಾಲೆ, ಬೆಲ್ ಇರುವ ಶಾಲೆ: ಒಬ್ಬ ಹುಡುಗನ ಪ್ರಕರಣ

ಆ ತಾಯಿ ಬ್ಯಾಗಿನಿಂದ ಮೊದಲು ತೆಗೆದು ಮೇಜಿನ ಮೇಲಿಟ್ಟಿದ್ದು ಒಂದು ಯೂನಿಫಾರ್ಮ್ ಶರ್ಟು. ಕಾಲರಿನ ಎಡಗಡೆ ತುದಿ ಕಚ್ಚಿ ಕಚ್ಚಿ ನಾರು ನಾರಾಗಿತ್ತು. "ಈ ವರ್ಷದ್ದು ಇದು ಮೂರನೇದು ಮೇಡಂ" ಅಂದರು. ವೈದ್ಯರ ರಿಪೋರ್ಟ್ ಆಮೇಲೆ ಹೊರಗೆ ಬಂತು. ಶಾಲೆಯ ಡೈರಿ ಎಲ್ಲಕ್ಕಿಂತ ಕೊನೆಗೆ, ಸ್ವಲ್ಪ ಹಿಂಜರಿಕೆಯಿಂದ.

ನಾನು ಮೈಸೂರಿನಲ್ಲಿ ವಿಶೇಷ ಶಿಕ್ಷಕಿ. ಸಾಮಾನ್ಯ ಶಾಲೆಗಳಲ್ಲೇ ಓದುತ್ತಾ ಅಲ್ಲಿ ಒದ್ದಾಡುವ ಮಕ್ಕಳ ಜೊತೆ ನನ್ನ ಕೆಲಸ. ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಅವನ ಅಜ್ಜಿ ಕರೆಯುವ ಹಾಗೆ ಪುಟ್ಟ ಅನ್ನೋಣ. ಶಾಲೆಗಳ ಹೆಸರು ಬೇಡ.

ಆಗ ಪುಟ್ಟನಿಗೆ 8 ವರ್ಷ ತುಂಬುತ್ತಿತ್ತು. ಫೆಬ್ರವರಿ ತಿಂಗಳು, ಎರಡನೇ ಕ್ಲಾಸು ಮುಗಿಯುತ್ತಾ ಬಂದಿತ್ತು. ಅಮ್ಮ ಬ್ಯಾಂಕಿನಲ್ಲಿ ಕೆಲಸ, ಅಪ್ಪನಿಗೆ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಶಾಲೆ ಊರಲ್ಲಿ ಒಳ್ಳೆ ಹೆಸರಿರುವಂಥದ್ದು, ಒಂದು ಸೆಕ್ಷನ್‌ಗೆ 46 ಮಕ್ಕಳು. ಭಾನುವಾರ ಸಂಜೆ ಐದು ಗಂಟೆಯಾದರೆ ಪುಟ್ಟನಿಗೆ ಹೊಟ್ಟೆನೋವು ಶುರು. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ ಜಂತುಹುಳದ ಔಷಧಿ ಆಗಿತ್ತು, ಸ್ಕ್ಯಾನಿಂಗ್ ಆಗಿತ್ತು, ಎಲ್ಲವೂ ನಾರ್ಮಲ್. ಶನಿವಾರ ಸಂಜೆ ಮಾತ್ರ ಆ ನೋವು ಯಾವತ್ತೂ ಬಂದಿರಲಿಲ್ಲ.

ಡೈರಿಯ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಅದನ್ನು ದಿನಕ್ಕೊಂದು ಪುಟ ಓದಿ, ಬೈದು, ಸಹಿ ಹಾಕಿ ಕಳಿಸಿದ್ದರು. ನಾನು ಜೂನ್‌ನಿಂದ ಫೆಬ್ರವರಿವರೆಗೆ ಒಂದೇ ಸಲಕ್ಕೆ ಓದಿದೆ. ಕೆಂಪು ಇಂಕಿನ ಮೊದಲ ನಾಲ್ಕು ತಿಂಗಳ ದೂರುಗಳೆಲ್ಲ ಒಂದೇ ಜಾತಿಯವು. ಕೂತಲ್ಲಿ ಕೂರುವುದಿಲ್ಲ. ಪಕ್ಕದವರನ್ನು ಮಾತಾಡಿಸುತ್ತಾನೆ. ಬೋರ್ಡ್ ಮೇಲಿದ್ದದ್ದು ಪೂರ್ತಿ ಬರೆದಿಲ್ಲ. ಪೆನ್ಸಿಲ್ ಕಳೆದಿದ್ದಾನೆ. ದಸರಾ ರಜೆ ಆದಮೇಲೆ ಮಾತು ಬದಲಾಗುತ್ತೆ. ತಡವಾಗಿ ಬಂದ. ಅಳುತ್ತಿದ್ದ. ಹೊಟ್ಟೆನೋವು ಅಂದ, ಮನೆಗೆ ಕಳಿಸಿದೆವು. ಬಂದಿಲ್ಲ. ಬಂದಿಲ್ಲ. ಎರಡು ಬೇರೆ ಬೇರೆ ಮಕ್ಕಳ ಡೈರಿ ಸೇರಿಸಿ ಹೊಲಿದ ಹಾಗಿತ್ತು. ಮೊದಲು ಚಡಪಡಿಕೆ ಇತ್ತು. ಅದಕ್ಕೆ ಬೈಸಿಕೊಂಡು ಬೈಸಿಕೊಂಡು ಭಯವೂ ಬಂದು ಸೇರಿಕೊಂಡಿತ್ತು.

ತಪಾಸಣೆ ಅಷ್ಟರಲ್ಲಿ ಮುಗಿದಿತ್ತು. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಸರಿ ಇತ್ತು, ಕಣ್ಣೂ ಸರಿ ಇತ್ತು. ಮನೋವೈದ್ಯರು ಮನೆಗೊಂದು, ಶಾಲೆಗೊಂದು ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ, ಅಂತ ಹೇಳಬೇಕಾದರೆ ಲಕ್ಷಣ ಒಂದೇ ಕಡೆ ಇದ್ದರೆ ಸಾಲದು. ಎರಡು ಕಡೆಯಾದರೂ ಕಾಣಬೇಕು, ಆರು ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು. ಬುದ್ಧಿಮತ್ತೆ ಪರೀಕ್ಷೆಯಲ್ಲಿ ಪುಟ್ಟ ಸರಾಸರಿಗಿಂತ ಮೇಲಿದ್ದ. ಕಲಿಕಾ ನ್ಯೂನತೆ ಇರಲಿಲ್ಲ, ಬರವಣಿಗೆ ಮಾತ್ರ ನಿಧಾನ. ಕೊನೆಗೆ ಬರೆದಿದ್ದು: ಎಡಿಎಚ್‌ಡಿ, ಜೊತೆಗೆ ಆತಂಕದ ತೊಂದರೆ.

ರಿಪೋರ್ಟ್ ಒಟ್ಟು 11 ಪುಟ. ಆತಂಕದ ವಿಷಯ ಶುರುವಾಗುವುದು 7ನೇ ಪುಟದಲ್ಲಿ. ಅಪ್ಪ ಮೂರನೇ ಪುಟಕ್ಕೇ ನಿಲ್ಲಿಸಿದ್ದರು. ನಾನು ಪೂರ್ತಿ ಓದಿದ್ದೆ, ಆದರೆ ಓದಿದ್ದಕ್ಕೆ ತಕ್ಕ ಬೆಲೆ ಕೊಡಲಿಲ್ಲ. ಅದು ಮುಂದೆ ಗೊತ್ತಾಗುತ್ತೆ. ಅಜ್ಜಿ ಮಾತ್ರ ಒಂದು ಪುಟವನ್ನೂ ಓದದೆ, "ಇವನಪ್ಪನೂ ಹಿಂಗೇ ಇದ್ದ, ಒಂದು ಕಡೆ ಕೂತು ಊಟ ಮಾಡಿದ್ದೇ ನೋಡಿಲ್ಲ ನಾನು" ಅಂದುಬಿಟ್ಟರು. ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರುವುದು ಬಹಳ ಸಾಮಾನ್ಯ. ಅಪ್ಪ ಕಿಟಕಿ ಕಡೆ ನೋಡುತ್ತಾ ಕೂತರು.

ಶಾಲೆಯವರು ಅವನನ್ನು ತೆಗೆದುಹಾಕುತ್ತೇವೆ ಅಂತ ಎಲ್ಲೂ ಹೇಳಿರಲಿಲ್ಲ. "ಮಗುವಿನ ಒಳ್ಳೇದಕ್ಕೇ ಹೇಳ್ತಿದ್ದೀವಿ, ಬೇರೆ ಶಾಲೆ ನೋಡ್ಕೊಳ್ಳಿ" ಅಂದಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ಕ್ಲಾಸು ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವ ಹಾಗಿಲ್ಲ. ಇದನ್ನು ನಾನು ತಾಯಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಗೆದ್ದೆವು ಅಂತಲೇ ಇಟ್ಕೊಳ್ಳಿ. ಬೆಳಗ್ಗೆ ಎಂಟೂವರೆಗೆ ಅವನನ್ನ ಅದೇ ಮಿಸ್ ಕೈಗೇ ತಾನೇ ಕೊಡಬೇಕು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇನ್ನೊಂದು ತೊಡಕೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ನ್ಯೂನತೆಗಳಿವೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಅಂತ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಪುಟ್ಟನಂಥವರ ಕೈಯಲ್ಲಿರುವುದು ಡಾಕ್ಟರ ಪತ್ರ ಅಷ್ಟೇ. ಅದನ್ನು ಓದುವ ಮನಸ್ಸು ಶಾಲೆಗಿದ್ದರೆ ಓದುತ್ತಾರೆ.

ಏಪ್ರಿಲ್‌ನಲ್ಲಿ ಹುಡುಕಾಟ ಶುರುವಾಯಿತು. ಮೊದಲ ಜಗಳವೇ ವಿಷಯ ಹೇಳಬೇಕೋ ಬೇಡವೋ ಅನ್ನೋದು. ಸೇರಿಸಿ ಆಮೇಲೆ ನೋಡೋಣ ಅನ್ನೋದು ಅಪ್ಪನ ವಾದ. ಹೇಳಲೇಬೇಕು ಅನ್ನೋದು ನನ್ನದು. ಮುಚ್ಚಿಟ್ಟು ಸೇರಿಸಿದರೆ ಮೂರು ವಾರಕ್ಕೆ ಹೊರಬೀಳುತ್ತೆ, ಆಗ ಶಾಲೆಯವರಿಗೆ ಮೋಸಹೋದ ಸಿಟ್ಟು, ಅದು ತಿರುಗುವುದು ಮಗುವಿನ ಮೇಲೆ. ಕೊನೆಗೆ ಹೇಳುವುದು ಅಂತಾಯಿತು. ಒಂಬತ್ತು ಶಾಲೆಗೆ ಫೋನ್ ಮಾಡಿದರು. ಮೂರು ಕಡೆ "ಸೀಟಿಲ್ಲ" ಅಂದರು. ಅದರಲ್ಲಿ ಒಂದರ ಗೇಟಿನಲ್ಲಿ "ಪ್ರವೇಶ ಪ್ರಾರಂಭವಾಗಿದೆ" ಅನ್ನುವ ಬ್ಯಾನರ್ ಜೂನ್ ಅರ್ಧದವರೆಗೂ ಗಾಳಿಗೆ ಹಾರಾಡುತ್ತಿತ್ತು. ಒಂದು ಕಡೆ ಮೂರನೇ ಕ್ಲಾಸಿಗೆ ಲಿಖಿತ ಪರೀಕ್ಷೆ ಬರೆಸಬೇಕು ಅಂದರು. ಪ್ರವೇಶಕ್ಕೆ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಹೀಗೆ ಸೋಸುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ, ಮೊದಲ ತಪ್ಪಿಗೇ 25,000 ರೂಪಾಯಿವರೆಗೆ ದಂಡ ಇದೆ. ಮತ್ತೊಂದು ಕಡೆ, ಸೇರಿಸಿಕೊಳ್ತೀವಿ, ಆದರೆ ಪಕ್ಕದಲ್ಲಿ ಕೂರೋ ಷ್ಯಾಡೋ ಟೀಚರನ್ನ ನೀವೇ ಸಂಬಳ ಕೊಟ್ಟು ಇಟ್ಕೊಳ್ಳಿ ಅಂದರು. ಪುಟ್ಟನಿಗೆ ಅದು ಬೇಕಾಗಿರಲಿಲ್ಲ. ಪಕ್ಕದಲ್ಲೊಬ್ಬರು ದೊಡ್ಡವರು ಕೂತರೆ ಕ್ಲಾಸೆಲ್ಲ ತನ್ನನ್ನೇ ನೋಡುತ್ತೆ ಅನ್ನೋ ಭಯ ಅವನಿಗೆ ಇನ್ನೂ ಜಾಸ್ತಿ ಆಗುತ್ತಿತ್ತು.

ಈ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಚರ್ಚೆ ಜೋರಾಗಿತ್ತು. ಐಸಿಎಸ್‌ಇನಾ, ಸಿಬಿಎಸ್‌ಇನಾ, ಸ್ಟೇಟಾ? ನೆಂಟರಿಷ್ಟರೆಲ್ಲ ಇದರಲ್ಲಿ ಪಂಡಿತರು. ಮೂರನೇ ಕ್ಲಾಸಿನ ಮಗುವಿಗೆ ಬೋರ್ಡಿನ ಪ್ರಶ್ನೆ ಕೊನೆಯದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಹತ್ತನೇ ಕ್ಲಾಸಿನ ಹೊತ್ತಿಗೆ ನಿಜವಾಗಲೂ ಕಷ್ಟವಾದರೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಅಲ್ಲಿ ವಿಷಯ ಆರಿಸಿಕೊಳ್ಳಬಹುದು, ಎಲ್ಲವನ್ನೂ ಒಂದೇ ಸಲ ಬರೆಯಬೇಕಾಗಿಲ್ಲ, ಐದು ವರ್ಷದ ಅವಧಿ ಸಿಗುತ್ತೆ. ಸರ್ಕಾರಿ ಶಾಲೆಯ ಹೆಸರನ್ನು ನಾನು ಎತ್ತಿದ ಕೂಡಲೇ ಮಾತು ಬದಲಾಯಿತು. ವಿಶೇಷ ಅಗತ್ಯವಿರುವ ಮಕ್ಕಳಿಗೆ ಅಂತಲೇ ಬಿಆರ್‌ಸಿಯಲ್ಲಿ, ಅಂದರೆ ಬ್ಲಾಕ್ ಮಟ್ಟದ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಅನ್ನೋ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಶಾಲೆಗಳಿಗೆ ಬಂದು ಹೋಗುತ್ತಾರೆ. ಖಾಸಗಿ ಶಾಲೆಯ ಫೀಸಿಗೆ ಒದ್ದಾಡುವ ಅಪ್ಪ ಅಮ್ಮಂದಿರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಇನ್ನು ನನ್ನ ತಪ್ಪಿನ ಕಥೆ.

ಊರಾಚೆ ತೋಟದ ನಡುವೆ ಒಂದು ಪರ್ಯಾಯ ಶಾಲೆ. ಪರೀಕ್ಷೆ ಇಲ್ಲ, ಹೋಂವರ್ಕ್ ಇಲ್ಲ, ಯೂನಿಫಾರ್ಮ್ ಇಲ್ಲ, ಬೆಲ್ ಕೂಡ ಇಲ್ಲ. ಒಂದು ಗುಂಪಿಗೆ 12 ಮಕ್ಕಳು. ಮರ ಹತ್ತಬಹುದು, ಮಣ್ಣಲ್ಲಿ ಆಡಬಹುದು. ಕೂತಲ್ಲಿ ಕೂರದ ಹುಡುಗನಿಗೆ ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡೆ. ನಾನೇ ಶಿಫಾರಸು ಮಾಡಿದೆ, ನಾನೇ ಜೊತೆಗೆ ಹೋದೆ. ಜೂನ್ ಮೊದಲ ವಾರ ಪುಟ್ಟ ಮಣ್ಣು ಮೆತ್ತಿಕೊಂಡು ನಗುತ್ತಾ ಮನೆಗೆ ಬಂದ. ಅಮ್ಮ ಫೋಟೋ ಕಳಿಸಿದರು. ನಾನೂ ಹಿಗ್ಗಿದೆ.

ಮೂರನೇ ವಾರದಿಂದ ರಾತ್ರಿ ಒಂದು ಪ್ರಶ್ನೆ ಶುರುವಾಯಿತು. "ಅಮ್ಮಾ, ನಾಳೆ ಏನಿದೆ?" ಗೊತ್ತಿಲ್ಲ ಕಂದ, ಅಲ್ಲಿ ಹೋದ ಮೇಲೆ ನೀವೇ ಆರಿಸ್ಕೋತೀರಲ್ವಾ? "ಆದ್ರೂ ನಾಳೆ ಏನಿದೆ?" ಮಲಗುವಷ್ಟರಲ್ಲಿ ಹದಿನೈದು, ಇಪ್ಪತ್ತು ಸಲ. ಆ ಶಾಲೆಯಲ್ಲಿ ಬೆಳಗ್ಗೆ ಎಲ್ಲರೂ ವೃತ್ತವಾಗಿ ಕೂತು, ಇವತ್ತು ಏನು ಮಾಡ್ತೀನಿ ಅಂತ ಒಬ್ಬೊಬ್ಬರೇ ಹೇಳಬೇಕು. ಬೇರೆ ಮಕ್ಕಳಿಗೆ ಅದು ಹಬ್ಬ. ಪುಟ್ಟನಿಗೆ ಎಲ್ಲರೆದುರು ತಪ್ಪು ಉತ್ತರ ಹೇಳಿಬಿಡುವ ಸಮಯ. ತನ್ನ ಸರದಿ ಹತ್ತಿರ ಬರುತ್ತಿದ್ದ ಹಾಗೆ ಅವನು ಬಾತ್‌ರೂಮಿಗೆ ಎದ್ದು ಹೋಗುತ್ತಿದ್ದ. ಶಿಕ್ಷಕರು ಒಳ್ಳೆಯವರು, ಒತ್ತಾಯ ಮಾಡಲಿಲ್ಲ. ಸ್ವಾತಂತ್ರ್ಯ ಕೊಡಬೇಕು ಅನ್ನೋದು ಅವರ ತತ್ವ. ಅದರ ಅರ್ಥ, ಒಂದೂವರೆ ಗಂಟೆ ಅವನು ನೀರಿನ ಟ್ಯಾಂಕಿನ ಹಿಂದೆ ಒಬ್ಬನೇ ಕೂತಿದ್ದರೂ ಯಾರೂ ಕರೆಯಲಿಲ್ಲ. ಏಳನೇ ವಾರ ವ್ಯಾನಿನಿಂದ ಇಳಿಯಲೇ ಇಲ್ಲ. ಸೀಟಿನ ಕಂಬಿ ಹಿಡಿದುಕೊಂಡು ಕೂತುಬಿಟ್ಟ.

ಎಡಿಎಚ್‌ಡಿ ಮತ್ತು ಆತಂಕ ಒಂದೇ ಮೈಯಲ್ಲಿ ಇದ್ದರೂ ಕೇಳುವುದು ಬೇರೆ ಬೇರೆ. ಒಂದಕ್ಕೆ ಓಡಾಟ ಬೇಕು, ಹೊಸದು ಬೇಕು. ಇನ್ನೊಂದಕ್ಕೆ ಮುಂದೇನು ಅಂತ ಮೊದಲೇ ಗೊತ್ತಿರಬೇಕು. ಮೊದಲ ಶಾಲೆಯಲ್ಲಿ ಎಲ್ಲವೂ ಗಡಿಯಾರದ ಹಾಗೆ, ಆದರೆ ಅಲುಗಾಡಿದರೆ ಕೆಂಪು ಇಂಕು. ಎರಡನೆಯದರಲ್ಲಿ ಅಲುಗಾಡಲು ಐದು ಎಕರೆ, ಆದರೆ ನಾಳೆ ಅನ್ನೋದು ಪೂರ್ತಿ ಖಾಲಿ. ಮೊದಲನೆಯದು ಅವನ ಕಾಲು ಕಟ್ಟಿತು, ಎರಡನೆಯದು ಕಾಲಡಿಯ ನೆಲವನ್ನೇ ತೆಗೆಯಿತು. ನಾನು ರಿಪೋರ್ಟಿನ ಮೊದಲ ಆರು ಪುಟಕ್ಕೆ ಶಾಲೆ ಹುಡುಕಿದ್ದೆ. ಹುಡುಗ ಗೇಟಿನೊಳಗೆ ಹೋಗದ ಹಾಗೆ ತಡೆಯುತ್ತಿದ್ದದ್ದು ಏಳನೇ ಪುಟ. ಇಪ್ಪತ್ತು ವರ್ಷದ ಅನುಭವ ಇಟ್ಟುಕೊಂಡು ಇದು ತಿಳಿಯಲು ಏಳು ವಾರ ಬೇಕಾಯಿತು. ಹುಡುಗನ ಏಳು ವಾರ, ನನ್ನದಲ್ಲ.

ಮತ್ತೆ ಹುಡುಕಾಟ. ಈ ಸಲ ತಾಯಿಗೆ ಒಂದೇ ಮಾತು ಹೇಳಿದೆ. ಪ್ರಿನ್ಸಿಪಾಲರ ರೂಮಿನಲ್ಲಿ ಕಾಫಿ ಕುಡಿದು ವಾಪಸ್ ಬರಬೇಡಿ, ಬ್ರೇಕ್ ಬಿಡುವ ಹೊತ್ತಿಗೆ ಹೋಗಿ ಕಾರಿಡಾರಿನಲ್ಲಿ ನಿಂತು ನೋಡಿ. ಇಂಥ ಮಕ್ಕಳನ್ನ ತಗೋತೀರಾ ಅಂತ ಕೇಳಿದರೆ ಹೌದು ಅಥವಾ ಇಲ್ಲ ಅಂತಷ್ಟೇ ಉತ್ತರ ಬರುತ್ತೆ. ಕಳೆದ ಸಲ ಇಂಥ ಮಗು ಬಂದಾಗ ಏನು ಮಾಡಿದ್ರಿ ಅಂತ ಕೇಳಿ. ಮಾಡಿದವರು ಒಂದು ಕಥೆ ಹೇಳ್ತಾರೆ. ಮಾಡದವರು ಸೌಲಭ್ಯಗಳ ಪಟ್ಟಿ ಹೇಳ್ತಾರೆ.

ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಒಂದು ಹಳೇ ಶಾಲೆ. ಟ್ರಸ್ಟಿನದ್ದು, ಸ್ಟೇಟ್ ಸಿಲಬಸ್, ಹೆಂಚಿನ ಕಟ್ಟಡ. ಕೌನ್ಸೆಲರ್ ಇಲ್ಲ, ವಿಶೇಷ ಶಿಕ್ಷಕರಿಲ್ಲ, ಬ್ರೋಷರೂ ಇಲ್ಲ. ಮೂರನೇ ಕ್ಲಾಸಿನಲ್ಲಿ 28 ಮಕ್ಕಳು. ನಿಜ ಹೇಳಬೇಕು ಅಂದರೆ ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಅಂಗಡಿಗೆ ಬಂದ ಗಿರಾಕಿಯೊಬ್ಬರು ಅಪ್ಪನಿಗೆ ಹೇಳಿದ್ದು.

ಹೆಡ್‌ಮೇಡಂಗೆ ಎಡಿಎಚ್‌ಡಿ ಅನ್ನೋ ಪದ ಗೊತ್ತಿರಲಿಲ್ಲ. ನಾನು ವಿವರಿಸುತ್ತಿದ್ದರೆ ಮಧ್ಯದಲ್ಲೇ, "ಕಾಲಿಗೆ ಚಕ್ರ ಕಟ್ಕೊಂಡು ಬಂದೋರು ತಾನೇ? ಪ್ರತಿ ವರ್ಷ ಇಬ್ರು ಮೂವರು ಇರ್ತಾರೆ" ಅಂದರು. ಕಳೆದ ಸಲ ಏನು ಮಾಡಿದ್ರಿ ಅಂತ ಕೇಳಿದೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬನಿಗೆ ಕೂತು ಬರೆಯಲು ಆಗದೆ, ಕಿಟಕಿಯ ದಿಂಡಿನ ಮೇಲೆ ನೋಟ್‌ಬುಕ್ ಇಟ್ಟು ವರ್ಷವಿಡೀ ನಿಂತೇ ಬರೆದ ಕಥೆ ಹೇಳಿದರು. ಆಮೇಲೆ ಕ್ಲಾಸ್ ನೋಡಿದೆವು. ಕಪ್ಪು ಹಲಗೆಯ ಬಲಮೂಲೆಯಲ್ಲಿ ಆ ದಿನದ ಪಿರಿಯಡ್‌ಗಳನ್ನು ಸೀಮೆಸುಣ್ಣದಲ್ಲಿ ಬರೆದಿತ್ತು. ಒಂದು ಮುಗಿದ ಕೂಡಲೇ ಟೀಚರ್ ಅದನ್ನು ಬೆರಳಿನಿಂದ ಅಳಿಸಿದರು. ಒಬ್ಬ ಹುಡುಗಿ ಯಾರನ್ನೂ ಕೇಳದೆ ಎದ್ದು ಹೋಗಿ ನೀರು ಕುಡಿದು ಬಂದು ಕೂತಳು, ಯಾರೂ ತಿರುಗಿ ನೋಡಲಿಲ್ಲ. ನನಗೆ ಬೇಕಾಗಿದ್ದು ಅಷ್ಟೇ. ಪಟ್ಟಿಯೂ ಇದೆ, ಎದ್ದು ಹೋಗುವ ಬಿಡುವೂ ಇದೆ.

ಟಿಸಿ ಕಥೆ ಬೇರೆ. ಬಿಡುತ್ತಿದ್ದ ಶಾಲೆಯವರು ಪೂರ್ತಿ ವರ್ಷದ ಫೀಸು ಕಟ್ಟಿದರೆ ಮಾತ್ರ ಟಿಸಿ ಅಂದರು. ಸ್ಯಾಟ್ಸ್ ಅನ್ನೋ ಸರ್ಕಾರದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಹೆಸರು ಅಲ್ಲಿಂದ ಬಿಡುಗಡೆ ಆಗದೆ ಇಲ್ಲಿ ಸೇರುವುದಿಲ್ಲ. ನಾಲ್ಕು ಸಲ ಓಡಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ದೂರು ಕೊಡ್ತೀವಿ ಅಂದ ಮೇಲೆ ಅರ್ಧಕ್ಕೆ ಇತ್ಯರ್ಥವಾಯಿತು. ಆ ಹಣ ಹೋಯಿತು.

ಸೇರುವ ಮುಂಚೆ ಕ್ಲಾಸ್ ಟೀಚರ್‌ಗೆ ಒಂದು ಪುಟದ ಪತ್ರ ಬರೆದೆ. 28 ಮಕ್ಕಳ ಟೀಚರ್ ಹನ್ನೊಂದು ಪುಟ ಓದಲ್ಲ, ಓದಬೇಕು ಅಂತ ಬಯಸುವುದೂ ನ್ಯಾಯವಲ್ಲ. ಕಾಯಿಲೆಯ ಹೆಸರು ಪತ್ರದಲ್ಲಿ ಒಂದೇ ಸಲ ಬರುತ್ತೆ. ಉಳಿದದ್ದು ಇಂಥವು: ಎಲ್ಲರೆದುರು ದಿಢೀರ್ ಪ್ರಶ್ನೆ ಕೇಳಬೇಡಿ, ಮೊದಲೇ ಹತ್ತಿರ ಹೋಗಿ "ಮುಂದಿನದ್ದು ನಿನ್ನ ಕೇಳ್ತೀನಿ" ಅನ್ನಿ. ಬೋರ್ಡಿನಿಂದ ಅರ್ಧ ಬರೆದರೆ ಸಾಕು. ಹೊಟ್ಟೆನೋವು ಅಂದರೆ ನಂಬಿ, ನೀರು ಕೊಡಿ, ಹತ್ತು ನಿಮಿಷ ಬಿಡಿ, ಮನೆಗೆ ಮಾತ್ರ ಕಳಿಸಬೇಡಿ. ಕೊನೆಯದ್ದು ಮುಖ್ಯ. ಹೆದರಿದಾಗಲೆಲ್ಲ ಮನೆಗೆ ಕಳಿಸಿದರೆ ಹೆದರಿಕೆ ಮನೆಗೆ ಹೋಗುವ ದಾರಿ ಕಲಿತುಬಿಡುತ್ತೆ.

ಸ್ವಾತಂತ್ರ್ಯ ದಿನಾಚರಣೆ ಮುಗಿದ ಮಾರನೇ ವಾರ ಸೇರಿದ. ಮೊದಲ ನಾಲ್ಕು ದಿನ ಎರಡೇ ಪಿರಿಯಡ್. ಆಮೇಲೆ ಸಣ್ಣ ಬ್ರೇಕ್ ತನಕ, ಆಮೇಲೆ ಊಟದ ತನಕ. ಪೂರ್ತಿ ದಿನಕ್ಕೆ ಬರಲು ಮೂರು ವಾರ ಹಿಡಿಯಿತು. ಎಲ್ಲಕ್ಕಿಂತ ಕಷ್ಟವಾಗಿದ್ದು ಬೆಳಗಿನ ಪ್ರಾರ್ಥನೆ. ಸಾಲಿನಲ್ಲಿ ಕೈಕಟ್ಟಿ ನಿಲ್ಲಬೇಕು, ಮುಂದೆ ಒಬ್ಬ, ಹಿಂದೆ ಒಬ್ಬ. ನಾಡಗೀತೆ ಮುಗಿಯುವಷ್ಟರಲ್ಲಿ ಯಾರನ್ನಾದರೂ ತಳ್ಳಿರುತ್ತಿದ್ದ, ಇಲ್ಲ ಅಳುತ್ತಿದ್ದ. ಇದಕ್ಕೆ ಉಪಾಯ ಹುಡುಕಿದವರು ನಾನೂ ಅಲ್ಲ, ಟೀಚರೂ ಅಲ್ಲ, ಶಾಲೆಯ ಜವಾನರು. ಆ ಹೊತ್ತಿನಲ್ಲಿ ಅವರು ಹಾಜರಿ ಪುಸ್ತಕಗಳನ್ನು ಆಫೀಸಿನಿಂದ ಕ್ಲಾಸ್‌ಗಳಿಗೆ ಹಂಚುತ್ತಿದ್ದರು. "ಬಾರೋ, ಇದನ್ನ ಹಿಡ್ಕೊ" ಅಂದರು ಒಂದು ದಿನ. ಮಾರನೇ ದಿನವೂ ಅಂದರು. ರಾಷ್ಟ್ರಗೀತೆಯ ಹೊತ್ತಿಗೆ ಬಂದು ಸಾಲಿನ ಕೊನೆಯಲ್ಲಿ ನಿಂತರಾಯಿತು. ಅಷ್ಟು ಅವನಿಂದ ಆಗುತ್ತಿತ್ತು.

ಆಮೇಲೆ ಗಂಟೆ. ಆ ಶಾಲೆಯಲ್ಲಿ ಜಗಲಿಯ ತೊಲೆಗೆ ತೂಗುಹಾಕಿದ ರೈಲು ಕಂಬಿಯ ತುಂಡೇ ಗಂಟೆ. 11.20ಕ್ಕೆ ಸಣ್ಣ ಬ್ರೇಕ್. ಎರಡು ನಿಮಿಷ ಮುಂಚೆ ಜವಾನರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ, ಪುಟ್ಟ ಎದ್ದು ಹೋಗುತ್ತಾನೆ, ಸುತ್ತಿಗೆ ಎತ್ತಿ ಮೂರು ಏಟು ಹೊಡೆಯುತ್ತಾನೆ. ಒಂದು ದಿನ ನಾನು ಅಲ್ಲೇ ಇದ್ದೆ. ಸುತ್ತಿಗೆ ಭಾರ, ಎರಡೂ ಕೈಯಲ್ಲಿ ಹಿಡಿದಿದ್ದ. ಹೊಡೆದ ಮೇಲೆ ಕಂಬಿಗೆ ಅಂಗೈ ಒತ್ತಿ, ನಡುಕ ನಿಲ್ಲುವ ತನಕ ಹಾಗೇ ನಿಂತ. "ಆಂಟಿ, ನಾನು ಹೊಡೆಯೋ ತನಕ ಯಾರಿಗೂ ಬ್ರೇಕ್ ಇಲ್ಲ" ಅಂದ. ಮುಂದೇನು ಅಂತ ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿರುವುದು ಅವನಿಗೇ.

ಔಷಧಿಯ ವಿಷಯ ಚುಟುಕಾಗಿ ಹೇಳುತ್ತೇನೆ, ಅದು ನನ್ನ ಕ್ಷೇತ್ರವಲ್ಲ. ಆತಂಕಕ್ಕೆ ಮಾತಿನ ಚಿಕಿತ್ಸೆ ನಡೆಯುತ್ತಿತ್ತು. ಸೆಪ್ಟೆಂಬರಿನಲ್ಲಿ ಮನೋವೈದ್ಯರು ಎಡಿಎಚ್‌ಡಿಗೆ ಕಡಿಮೆ ಪ್ರಮಾಣದಲ್ಲಿ ಮಿಥೈಲ್‌ಫೆನಿಡೇಟ್ ಶುರು ಮಾಡಿದರು. "ಮಗು ಮಂಕಾಗಿಬಿಡ್ತಾನೆ" ಅಂತ ಅಪ್ಪ ತಿಂಗಳುಗಟ್ಟಲೆ ತಡೆದಿದ್ದರು. ಮಂಕಾಗಲಿಲ್ಲ. ಊಟದ ಡಬ್ಬಿ ಮಾತ್ರ ಹಾಗೇ ವಾಪಸ್ ಬರತೊಡಗಿತು, ಆ ಮಾತ್ರೆಯಿಂದ ಹಸಿವು ಕಡಿಮೆಯಾಗುತ್ತೆ. ಅಜ್ಜಿ ಮಾತ್ರೆಗೆ ಮುಂಚೆ ಎರಡು ದೋಸೆ, ಸಂಜೆ ಬಂದ ಕೂಡಲೇ ಅನ್ನ ಸಾರು ಅಂತ ಲೆಕ್ಕ ಬದಲಿಸಿಕೊಂಡರು. ಈ ಮಾತ್ರೆ ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ. ಷೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮ ಇರುವಂಥದ್ದು, ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಇಟ್ಟುಕೊಳ್ಳಬೇಕು. ಮುಗಿಯುವ ಒಂದು ವಾರ ಮುಂಚೆಯೇ ಓಡಾಡಬೇಕು ಅನ್ನೋದನ್ನು ಈ ಮನೆಯವರು ಒಂದು ಶನಿವಾರ ಸಂಜೆ ಕಲಿತರು.

ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ದಸರಾ ರಜೆ ಮುಗಿದ ಸೋಮವಾರ ಹಳೇ ಹೊಟ್ಟೆನೋವು ಹಾಗೇ ವಾಪಸ್ ಬಂತು. ಐದು ದಿನ ಹೋಗಲಿಲ್ಲ. ಮತ್ತೆ ಎರಡು ಪಿರಿಯಡ್‌ನಿಂದ ಶುರು. ನವೆಂಬರಿನಲ್ಲಿ ಕ್ಲಾಸ್ ಟೀಚರ್ ರಜೆ ಇದ್ದಾಗ ಬಂದ ಬದಲಿ ಟೀಚರ್‌ಗೆ ನನ್ನ ಪತ್ರದ ವಿಷಯ ಗೊತ್ತಿರಲಿಲ್ಲ. ಮೂಲೆಯ ಪಟ್ಟಿ ಬರೆಯಲಿಲ್ಲ. ಎದ್ದು ಓಡಾಡಿದ ಅಂತ ಅವನನ್ನು ಅರ್ಧ ಗಂಟೆ ಹೊರಗೆ ನಿಲ್ಲಿಸಿದರು. ಅದಾದ ಮೇಲೆ ಹೆಡ್‌ಮೇಡಂ ಪತ್ರದ ಪ್ರತಿ ತೆಗೆಸಿ ಹಾಜರಿ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದರು. ಪ್ರಾರ್ಥನೆಯಲ್ಲಿ ಸುದ್ದಿ ಓದುವ ಸರದಿಗೆ ಅವನು ಇವತ್ತಿಗೂ ಒಪ್ಪಿಲ್ಲ. ಗಣಿತದ ಟೆಸ್ಟಿನಲ್ಲಿ ಕೊನೆಯ ಪುಟ ತಿರುಗಿಸಿಯೇ ನೋಡುವುದಿಲ್ಲ. ಈ ವರ್ಷದ ಶರ್ಟಿನ ಕಾಲರ್ ಸರಿಯಾಗಿದೆ. ಪೆನ್ಸಿಲ್‌ಗಳ ಹಿಂಭಾಗ ಮಾತ್ರ ಒಂದೂ ಉಳಿದಿಲ್ಲ.

ಈಗ ನಾಲ್ಕನೇ ಕ್ಲಾಸು. ಶಾಲೆ ಇರುವುದು ಏಳರ ತನಕ, ಹಾಗಾಗಿ ಫೈಲ್ ಮುಚ್ಚಿಲ್ಲ. ಮೊನ್ನೆ ರಾತ್ರಿ ತಾಯಿ ಫೋನ್ ಮಾಡಿದ್ದರು. ಹಳೇ ವಿದ್ಯಾರ್ಥಿಗಳ್ಯಾರೋ ಶಾಲೆಗೆ ಎಲೆಕ್ಟ್ರಿಕ್ ಬೆಲ್ ಕೊಡಿಸುತ್ತಿದ್ದಾರಂತೆ, ತಾನಾಗೇ ಸಮಯಕ್ಕೆ ಸರಿಯಾಗಿ ಹೊಡೆಯುವಂಥದ್ದು. ಸಾಮಾನು ಬಂದಿರುವುದು ಇವರ ಅಂಗಡಿಯಿಂದಲೇ. ಅಪ್ಪನೇ ಹೋಗಿ ಫಿಟ್ ಮಾಡಬೇಕು. ಅವರು ಎರಡು ದಿನದಿಂದ ಏನೋ ನೆಪ ಹೇಳಿ ಮುಂದೂಡುತ್ತಿದ್ದಾರೆ. ಸೋಮವಾರ ನಾನು ಹೋಗಿ ಹೆಡ್‌ಮೇಡಂ ಹತ್ತಿರ ಮಾತಾಡಬೇಕು.